ಹುಚ್ಚಕ್ಕನ ವಿಷಪರೀಕ್ಷೆ

ಮೊಳಕಾಲ್ಮುರಿನ ಹೊಸ ಮುಸಾಫರಿ ಬಂಗಲೆಗೆ ಅಡಿಗೆಯವನೊಬ್ಬ ಬೇಕಾಗಿದ್ದಾನೆ ಎಂಬ ಸುದ್ದಿಯನ್ನು ಅಮಲ್ದಾರರ ಜವಾನ ಹುಲಿಯಪ್ಪ ಚಳ್ಳಕೆರೆಗೆ ತಂದಾಗ ದಾಸಣ್ಣ ಗಾಣದ ಎತ್ತಿಗೆ ಹಿಂಡಿ ನೆನೆಹಾಕುತ್ತಿದ್ದ. ಎತ್ತು ಅವನದಲ್ಲ, ಗಾಣವೂ ಅವನದಲ್ಲ. ಗಾಣಕ್ಕೆ ಒರಗಿಸಿ ಕಟ್ಟಿದ ಚಪ್ಪರದಲ್ಲಿ ಅವನೂ ಅವನ ಹೆಂಡತಿ ದುರುಗಕ್ಕನೂ ಮಲಗುತ್ತಿದ್ದರು ಎಂಬುದಷ್ಟೇ ಇವರಿಗೂ ಅದಕ್ಕೂ ಇದ್ದ ಸಂಬಂಧ.

"ದಾಸಣ್ಣ, ನೀನು ಬೆಂಗಳೂರು ದಂಡಿನಾಗೆ ದೊರೆಗಳ ಅಡಿಗೆಮನ್ಯಾಗೆ ಇದ್ದೋನಲ್ಲೇನು?" ಎಂದ ಹುಲಿಯಪ್ಪ.

"ಇದ್ದೆ. ಯಾಕಪ್ಪ, ಏನಾರ ಕಳುವಾಗೈತಾ?"

"ಜಿನ್ನಿಗೆ ಜೇನು ಹಾಕಿ ಅದೇನೋ ಮಾಡ್ತಾರಂತೆ. ಅದು ನಿಂಗೆ ಬರ್ತೈತಾ?"

ದಾಸಣ್ಣ ಹಿಂಡಿಯ ಕೈಯನ್ನು ಎತ್ತಿನ ಮೈಗೇ ಒರೆಸಿ ಎದ್ದು ನಿಂತ. ಎರಡನೆಯ ಜರ್ಮನಿ ಯುದ್ಧ ಮುಗಿದ ಮೇಲೆ ಅವನ ದೊರೆ ಹಡಗು ಹತ್ತಿ ಸೀಮೆಗೆ ಹೋಗಿದ್ದ, ದಾಸಣ್ಣ ಗಾಡಿ ಹತ್ತಿ ಚಳ್ಳಕೆರೆಗೆ ಬಂದಿದ್ದ. ಅಂದಿನಿಂದ ಅವನಿಗೆ ಬರುವುದೇನು ಎಂದು ಯಾರೂ ಕೇಳಿರಲಿಲ್ಲ. ಅವನಾಗಿಯೇ ಹೇಳಿದ್ದುಂಟು. ಆ ಪಾನೀಯಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು, ಜೇನುಹುಳುವಿನ ಮೊಣಕಾಲಿಗೆ ಸಂಬಂಧಪಟ್ಟದ್ದು. ಹುಳುವಿಗೆ ಮೊಣಕಾಲೆಲ್ಲಿಂದ ಬಂತು ಎಂದು ಗಾಣದವರು ನಕ್ಕಮೇಲೆ ಅವನು ಹೆಸರು ಹೇಳುವುದನ್ನು ಬಿಟ್ಟಿದ್ದ.

"ಬರ್ತೈತೆ," ಎಂದ. "ನಿದ್ದೆಗಣ್ಣಾಗೂ ಬರ್ತೈತೆ."

ಸಂಗತಿ ಇಷ್ಟು. ಸಿದ್ದಾಪುರದ ಬಂಡೆಯ ಮೇಲಿನ ಹಳೆಯ ಬರಹ ನೋಡಲು ಒಬ್ಬ ದೊಡ್ಡ ದೊರೆ ಬರುವವರಿದ್ದರು. ಸಂಜೆಯಾದರೆ ಅವರಿಗೆ ಜೇನು ಹಾಕಿದ ಜಿನ್ ಆಗಬೇಕು. ಹಿಂದಿನ ಠಾಣ್ಯದಲ್ಲಿ ಯಾರೋ ಜೇನಿನ ಬದಲು ಜೋನಿಬೆಲ್ಲ ಹಾಕಿಕೊಟ್ಟು, ದೊರೆ ಅದನ್ನು ಗುಲಾಬಿ ಗಿಡಕ್ಕೆ ಸುರಿದರಂತೆ, ಗಿಡವೂ ಒಣಗಿತಂತೆ. ಅಮಲ್ದಾರರಿಗೆ ನಿದ್ದೆ ಹತ್ತಿರಲಿಲ್ಲ. ಅತಿಥಿ ತನ್ನ ಪೆಟ್ಟಿಗೆಯ ಬಾಟಲಿ ತಾನೇ ತೆಗೆಯುವಂತಾದರೆ ತಾಲ್ಲೂಕಿನ ಮಾನವೇನು ಉಳಿಯಿತು ಎಂದು ದಂಡಿನ ಪಾರ್ಸಿ ಅಂಗಡಿಯಿಂದ ಒಂದು ಬಾಟಲಿ ತರಿಸಿದ್ದರು. ಮಾಡುವ ಕೈ ಒಂದು ಬೇಕಾಗಿತ್ತು.

"ದೊರೆ ಒಪ್ಪಿದ್ರೆ ಬಂಗಲೆ ಅಡಿಗೆ ನಿಂದೇ," ಎಂದ ಹುಲಿಯಪ್ಪ. "ಹಿಂದೆ ಎರಡಂಕಣದ ಮನೆ ಐತೆ. ಹೆಂಚಿಂದು."

ದುರುಗಕ್ಕ ಚಪ್ಪರದೊಳಗಿಂದ ಆಗಲೇ ಗಂಟು ಕಟ್ಟಿಕೊಂಡು ಹೊರಗೆ ಬಂದಿದ್ದಳು.

ಗಾಡಿಯಲ್ಲಿ ದಾರಿಯುದ್ದಕ್ಕೂ ಹುಲಿಯಪ್ಪ ತಂದುಕೊಟ್ಟ ಬಾಟಲಿ ಅವಳ ಮಡಿಲಲ್ಲೇ ಇತ್ತು. ಬಿಸಿಲು ತಾಗದಂತೆ ಹಳೆಯ ಸೀರೆಯಲ್ಲಿ ಸುತ್ತಿ, ಗಾಡಿ ಕುಲುಕಿದಾಗಲೆಲ್ಲ ಎದೆಗೆ ಒತ್ತಿ ಹಿಡಿಯುತ್ತಿದ್ದಳು. ಬಾವಿಕಟ್ಟೆಯಲ್ಲಿ ನೀರಿಗೆ ನಿಂತಾಗ ಹೆಂಗಸರು ಕೇಳಿದರು: "ಗಂಡೋ ಹೆಣ್ಣೋ ತಾಯಿ?"

"ಸೀಮೇದು," ಎಂದಳು ದುರುಗಕ್ಕ.

ಮೊಳಕಾಲ್ಮುರಿನಲ್ಲಿ ಅವಳ ತವರುಮನೆ. ಬಂಗಲೆಯ ಅಡಿಗೆಮನೆಯ ಗಾರೆ ಇನ್ನೂ ಹಸಿಯಾಗಿದ್ದರಿಂದ ಎಲ್ಲವನ್ನೂ ಆ ತವರುಮನೆಯಲ್ಲೇ ಮಾಡಿ, ಓಣಿ ದಾಟಿಸಿ ಕೊಡುವುದೆಂದು ಏರ್ಪಾಟಾಗಿತ್ತು. ಮನೆಯಲ್ಲಿದ್ದವರು ಇಬ್ಬರು: ದುರುಗಕ್ಕನ ತಾಯಿ ಹುಚ್ಚಕ್ಕ, ತಮ್ಮ ಬೊಮ್ಮಣ್ಣ. ಬೊಮ್ಮಣ್ಣ ಹಿಂದಿನ ದಿನ ಸಿದ್ದಾಪುರದ ಗುಡ್ಡ ಹತ್ತಿ ಹೆಜ್ಜೇನು ಇಳಿಸಿ ತಂದಿದ್ದ. ಜೇನು ಒಂದು ಮಡಕೆಯಲ್ಲಿತ್ತು, ಅದರ ಬೆಲೆ ಅವನ ಮುಖದ ಮೇಲಿತ್ತು. ಒಂದು ಕಣ್ಣು ಪೂರ್ತಿ ಮುಚ್ಚಿ, ಮೇಲ್ದುಟಿ ಹೋಳಿಗೆಯಂತೆ ಉಬ್ಬಿತ್ತು.

"ಏನಲೇ ಬೊಮ್ಮಣ್ಣ, ಹುಳ ಕಚ್ಚಿದ್ವಾ?" ಎಂದ ದಾಸಣ್ಣ.

"ಇಲ್ಲ ಭಾವ, ಮುತ್ತು ಕೊಟ್ವು," ಎಂದ ಬೊಮ್ಮಣ್ಣ.

ದಾಸಣ್ಣ ಕೆಲಸಕ್ಕೆ ಕೂತ. ಕೂತನೆಂದರೆ ತಪ್ಪು, ಅವನು ಒಂದು ಕಡೆ ನಿಲ್ಲಲೂ ಇಲ್ಲ. ಬಾಟಲಿಗೆ ಒದ್ದೆಬಟ್ಟೆ ಸುತ್ತಿ, ಪೆಟ್ಲುಪ್ಪು ಕದಡಿದ ನೀರಿನ ಹರವಿಯಲ್ಲಿ ಇಳಿಬಿಟ್ಟ. ಮಂಜುಗಡ್ಡೆ ಕಾಣದ ಸೀಮೆಯಲ್ಲಿ ತಂಪಿಗೆ ಅದೇ ಗತಿ ಎಂದು ದಂಡಿನ ಮುದುಕ ಬಟ್ಲರನೊಬ್ಬ ಕಲಿಸಿದ್ದ. ನಿಂಬೆಹಣ್ಣನ್ನು ಅಂಗೈಯಡಿ ಉರುಳಿಸಿ ಮೆತ್ತಗೆ ಮಾಡಿದ. ಸೋಸುವುದಕ್ಕೆ ಮಗ್ಗದ ಮನೆಯಿಂದ ಒಂದು ರೇಷ್ಮೆ ತುಂಡು ಬೇಡಿ ತಂದ. ಕುಲುಕುವುದಕ್ಕೆ ಹುಚ್ಚಕ್ಕನ ಮುಚ್ಚಳದ ಹಿತ್ತಾಳೆ ಡಬ್ಬಿಯಿಂದ ಮೆಣಸಿನಕಾಯಿ ಸುರಿದು, ಬೂದಿ ಹಾಕಿ ಉಜ್ಜಿ, ಮೂಸಿ, ಮತ್ತೆ ಉಜ್ಜಿದ. ಬಾಣಂತಿಯ ಮನೆಯಲ್ಲಿ ಸೂಲಗಿತ್ತಿ ಓಡಾಡುವ ಹಾಗೆ ಓಡಾಡುತ್ತ, "ಬಿಸಿನೀರು ತಾ ದುರುಗಿ," ಎಂದ.

ಬಟ್ಟಲಲ್ಲಿ ಜೇನಿತ್ತು. ಅದರ ಮೇಲೆ ಬಿಸಿನೀರು ಸುರಿಯಬೇಕು ಅನ್ನುವಷ್ಟರಲ್ಲಿ ಹುಚ್ಚಕ್ಕ ಅವನ ಮಣಿಕಟ್ಟು ಹಿಡಿದಳು.

"ಏನ್ ಮಾಡ್ತಿದೀಯಾ ಅಳಿಯಪ್ಪ?"

"ಜೇನು ಕರಗಿಸ್ತೀನಿ ಅತ್ತೆ."

"ಬಿಸಿನೀರಾಗಾ? ಕಾದ ಜೇನು ವಿಷ ಕಣಪ್ಪ. ನಮ್ಮಜ್ಜಿ ಹೇಳ್ಯಾಳೆ. ಅವಳಜ್ಜಿ ಅವಳಿಗೆ ಹೇಳ್ಯಾಳೆ."

"ನಿಮ್ಮಜ್ಜಿ ಜಿನ್ನು ಮಾಡಿದ್ಲಾ?"

"ಮಾಡ್ಲಿಲ್ಲ. ಅದಕ್ಕೇ ಹಲ್ಲು ಉದುರಿ ಮತ್ತೆ ಹುಟ್ಟೋವರೆಗೂ ಬದುಕಿದ್ಲು."

ದಾಸಣ್ಣ ತಾಳ್ಮೆಯಿಂದ ವಿವರಿಸಿದ. ಜೇನು ತಣ್ಣನೆಯ ಜಿನ್ನಿನಲ್ಲಿ ಕರಗುವುದಿಲ್ಲ; ಮೊದಲು ಅಷ್ಟೇ ಅಳತೆಯ ಬಿಸಿನೀರಿನಲ್ಲಿ ಅದನ್ನು ತೆಳ್ಳಗೆ ಮಾಡಿ, ಆರಿಸಿ, ಆಮೇಲೆ ಬೆರೆಸಬೇಕು. ಬೇಕಾದರೆ ನೋಡು ಎಂದು ತಣ್ಣೀರಿನ ಲೋಟಕ್ಕೆ ಒಂದಿಷ್ಟು ಜೇನು ಬಿಟ್ಟು ಕಲಕಿದ. ಜೇನು ಕೆರೆಯಲ್ಲಿ ಮಲಗಿದ ಎಮ್ಮೆಯಂತೆ ತಳದಲ್ಲಿ ಮಲಗಿತು. ಎಷ್ಟು ಕಲಕಿದರೂ ಮಗ್ಗುಲು ಬದಲಿಸಿತೇ ಹೊರತು ಮೇಲೇಳಲಿಲ್ಲ.

"ಅದು ಬರಲ್ಲ ಅಂತೈತೆ," ಎಂದಳು ಹುಚ್ಚಕ್ಕ. "ಬರಲ್ಲ ಅಂದಿದ್ದನ್ನ ಯಾಕೆ ಎಬ್ಬಿಸ್ತೀಯಾ? ದೊರೆ ಸತ್ರೆ ನಿನ್ನ ನೇಣಿಗೆ ಹಾಕ್ತಾರೆ. ನನ್ನ ಮಗಳ ತಾಳಿ ಹೋಗ್ತೈತೆ. ಎರಡಂಕಣದ ಮನೆ ತಗೊಂಡು ಅವಳು ಸುಡ್ತಾಳಾ?"

ದುರುಗಕ್ಕ ಗಂಡನನ್ನೂ ತಾಯಿಯನ್ನೂ ನೋಡಿದಳು. ಹೆಂಚಿನ ಮನೆ ಅವಳ ಕಣ್ಣಲ್ಲಿ ಆಗಲೇ ಕಟ್ಟಿ ಮುಗಿದಿತ್ತು, ಅದರ ಹಿತ್ತಲಲ್ಲಿ ಕೋಳಿಗಳೂ ಮೇಯುತ್ತಿದ್ದವು.

"ಸರಿ, ಒಂದ್ಸಲ ಮಾಡ್ತೀನಿ. ನಾನೇ ಕುಡೀತೀನಿ. ಸಾಯ್ದಿದ್ರೆ ಒಪ್ತೀಯಲ್ಲ?" ಎಂದ ದಾಸಣ್ಣ. ಹುಚ್ಚಕ್ಕ ಮಣಿಕಟ್ಟು ಬಿಟ್ಟಳು.

ಬಿಸಿನೀರು ಬಿದ್ದದ್ದೇ ಎಮ್ಮೆ ಎದ್ದು ಕರಗಿಹೋಯಿತು; ಬಟ್ಟಲ ತುಂಬ ಹೊಂಬಣ್ಣದ ತಿಳಿ. ಅದನ್ನು ಆರಿಸಿ, ಡಬ್ಬಿಯಲ್ಲಿ ಜಿನ್ ಎರಡು ಪಾಲು, ಜೇನುನೀರು ಮುಕ್ಕಾಲು ಪಾಲು, ನಿಂಬೆರಸ ಮುಕ್ಕಾಲು ಪಾಲು ಬೆರೆಸಿ, ಮುಚ್ಚಳ ಒತ್ತಿ ಹಿಡಿದು ಕುಲುಕಿದ. ರೇಷ್ಮೆಯ ಮೂಲಕ ಇಳಿದದ್ದು ಮೊದಲ ಬಿಸಿಲಿನ ಬಣ್ಣದ್ದು. ಬೆಟ್ಟದ ಹೂವಿನ ವಾಸನೆ ಮೊದಲು, ನಿಂಬೆ ಅದರ ಹಿಂದೆ, ಜಿನ್ನಿನ ಮರದಂಥ ವಾಸನೆ ಎಲ್ಲಕ್ಕಿಂತ ಹಿಂದೆ, ಮದುವೆ ದಿಬ್ಬಣದಲ್ಲಿ ಗಂಡಿನ ಸೋದರಮಾವ ಬಂದ ಹಾಗೆ. ದಾಸಣ್ಣ ಕುಡಿದು ಲೋಟ ಕೆಳಗಿಟ್ಟ. ಎಲ್ಲರೂ ಅವನನ್ನೇ ನೋಡಿದರು. ಅವನು ಸಾಯಲಿಲ್ಲ.

"ನೀನು ಲೆಕ್ಕಕ್ಕಿಲ್ಲ," ಎಂದಳು ಹುಚ್ಚಕ್ಕ. "ಮಾಡಿದೋನಿಗೆ ಹತ್ತಲ್ಲ. ಹಾವಿಗೆ ಹಾವಿನ ವಿಷ ಹತ್ತುತ್ತಾ?"

"ಹಂಗಾರೆ ನಾನು ಕುಡೀತೀನವ್ವ," ಎಂದ ಬೊಮ್ಮಣ್ಣ, ತೆರೆದಿದ್ದ ಒಂದೇ ಕಣ್ಣನ್ನು ಡಬ್ಬಿಯಿಂದ ತೆಗೆಯದೆ. "ಅಕ್ಕನ ಸಂಸಾರಕ್ಕೋಸ್ಕರ."

ಅವನು ಅಕ್ಕನ ಸಂಸಾರಕ್ಕೋಸ್ಕರ ಕುಡಿದ. ನಾಲಿಗೆಯಿಂದ ಉಬ್ಬಿದ ತುಟಿ ಸವರಿಕೊಂಡ. ಏನನ್ನಿಸುತ್ತೆ ಎಂದು ತಾಯಿ ಕೇಳಿದ್ದಕ್ಕೆ ಒಂದು ಲೋಟದಲ್ಲಿ ಹೇಳಕ್ಕಾಗಲ್ಲ ಎಂದ. ಇನ್ನೊಂದು ಕೊಟ್ಟಿದ್ದಾಯಿತು. ಆಗ ಹುಚ್ಚಕ್ಕನಿಗೆ ಹೊಳೆಯಿತು: ಇವನ ಮೈಯಲ್ಲಿ ನಿನ್ನೆಯಿಂದಲೇ ಜೇನಿನ ನಂಜು ತುಂಬಿದೆ, ಹೊಸ ವಿಷಕ್ಕೆ ಜಾಗವೆಲ್ಲಿದೆ? ಬೊಮ್ಮಣ್ಣನೂ ಲೆಕ್ಕದಿಂದ ಹೊರಗೆ ಬಿದ್ದ.

ಪಕ್ಕದ ಜಗಲಿಯಲ್ಲಿ ಮಲಗಿದ್ದ ಚಿತ್ತಪ್ಪ ಅಜ್ಜ ಇದನ್ನೆಲ್ಲ ಕೇಳಿಸಿಕೊಂಡು ಎದ್ದು ಬಂದ. ರಾಯದುರ್ಗದ ಕಡೆಯಿಂದ ಬಂದವನು. ಗಂಭೀರ ವಿಷಯ ಮಾತಾಡುವಾಗ ಅವನಿಗೆ ತೆಲುಗು ಬರುತ್ತಿತ್ತು. "ನೇನು ಪೋಯಿನಾ ನಷ್ಟಂ ಲೇದು ಅಕ್ಕಾ," ಎಂದ. "ನಾನು ಹೋದ್ರೂ ಏನು ಹೋಗ್ತೈತೆ? ಮಕ್ಕಳು ಬೆಳೆದವ್ರೆ. ಕೊಡು ಇಲ್ಲಿ."

ಅಜ್ಜ ಕುಡಿದು ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಹುಚ್ಚಕ್ಕ ಅವನ ಮೂಗಿನ ಹತ್ತಿರ ಬೆರಳು ಹಿಡಿದಳು. "ಉಸಿರಾಡ್ತಾ ಇದೀನಿ," ಎಂದ ಅಜ್ಜ ಕಣ್ಣು ತೆರೆಯದೆ. "ಇಷ್ಟು ಚಂದಾಗಿ ಯಾವತ್ತೂ ಉಸಿರಾಡಿರ್ಲಿಲ್ಲ."

ಆಮೇಲೆ ಆ ಓಣಿ ತೋರಿಸಿದ ತ್ಯಾಗಬುದ್ಧಿಯನ್ನು ಮೊಳಕಾಲ್ಮುರು ಹಿಂದೆ ಕಂಡಿರಲಿಲ್ಲ. ಮುದುಕರಿಗೆ ವಿಷ ತಡವಾಗಿ ಏರುತ್ತೆ, ಹರೆಯದವರು ನೋಡಬೇಕು ಎಂದು ಇಬ್ಬರು ಬಂದರು. ಗಂಡಸರಿಗೆ ಹತ್ತದ್ದು ಹೆಂಗಸರಿಗೆ ಹತ್ತಬಹುದಲ್ಲ ಎಂದು ಎದುರುಮನೆಯ ಚಿಕ್ಕಕ್ಕ ಸೆರಗಿನಲ್ಲಿ ಬಾಯಿ ಮರೆಮಾಡಿಕೊಂಡು ಕೇಳಿದಳು. ನ್ಯಾಯವಾದ ಮಾತು ಎಂದು ಅವಳಿಗೂ ಕೊಟ್ಟಿದ್ದಾಯಿತು. ಹಿಂದೆ ದಾಸಣ್ಣ ಬಂದರೆ ಮಾತಾಡಿಸದ ಜನ ಈಗ ಅವನಿಗಾಗಿ ಪ್ರಾಣ ಕೊಡಲು ಸಾಲಾಗಿ ನಿಂತಿದ್ದರು.

ದಾಸಣ್ಣ ಬೇಡವೆನ್ನಬಹುದಿತ್ತು. ಹೇಗೆ ಅಂದಾನು? ದಂಡಿನಲ್ಲಿ ಅವನು ಪರದೆಯ ಹಿಂದೆ ನಿಂತು ಬೆರೆಸುತ್ತಿದ್ದ. ತಟ್ಟೆ ಹೊತ್ತು ಒಳಗೆ ಹೋಗುವವನು ಬೇರೆ. ತಾನು ಮಾಡಿದ್ದನ್ನು ಕುಡಿದವರ ಮುಖ ಹೇಗಾಗುತ್ತದೆ ಎಂದು ಅವನು ಒಮ್ಮೆಯೂ ಕಂಡಿರಲಿಲ್ಲ. ಈಗ ಕಾಣುತ್ತಿದ್ದ. ಮೊದಲ ಗುಟುಕಿಗೆ ಹುಬ್ಬು ಕೂಡುವುದು, ಎರಡನೆಯದಕ್ಕೆ ಬಿಡಿಸಿಕೊಳ್ಳುವುದು, ಆಮೇಲೆ ಮನುಷ್ಯ ಲೋಟದೊಳಗೆ ಇಣುಕಿ ನೋಡುವುದು. ಅವನ ಕೈ ತಾನಾಗಿ ಕುಲುಕುತ್ತಿತ್ತು. ತೋಳು ನೋಯುತ್ತಿದ್ದರೂ ಯಾರೋ ತಮಟೆ ಬಾರಿಸುತ್ತಿದ್ದಾರೆಂಬಂತೆ ಕಾಲು ತಾಳ ಹಾಕುತ್ತಿತ್ತು. "ಒಂದು ಚೂರು ತಡಿ, ನಿಂಗೂ ಐತೆ," ಎನ್ನುತ್ತ ಮಾಡಿದ್ದೇ ಮಾಡಿದ್ದು.

ಹರವಿಯಿಂದ ಬಾಟಲಿಯನ್ನೆತ್ತಿ ಬೆಳಕಿಗೆ ಹಿಡಿದವಳು ದುರುಗಕ್ಕ.

"ಇವನೇ," ಎಂದಳು ಮೆಲ್ಲಗೆ. ಅವಳು ಗಂಡನನ್ನು ಹಾಗೆ ಕರೆದರೆ ಕೇಡು ಕಾದಿದೆಯೆಂದೇ ಅರ್ಥ. "ದೊರೆಗೆ ಏನು ಕೊಡ್ತೀಯಾ?"

ತಳದಲ್ಲಿ ಒಂದು ಲೋಟಕ್ಕಾಗುವಷ್ಟು ಉಳಿದಿತ್ತು. ಸಾಲಿನಲ್ಲಿದ್ದವರು ಲೋಟಗಳನ್ನು ಬೆನ್ನ ಹಿಂದೆ ಅಡಗಿಸಿದರು. ಚಿಕ್ಕಕ್ಕ ಮಾತ್ರ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಹುಲಿಯಪ್ಪ ಪೇಟ ಸರಿಮಾಡಿಕೊಳ್ಳುತ್ತ ಓಡಿಬಂದ: "ಬಂದ್ರು. ಕುರ್ಚಿ ಮ್ಯಾಲೆ ಕೂತವ್ರೆ. ಎಲ್ಲಿ ಅಂತ ಕೇಳ್ತಾವ್ರೆ."

ದಾಸಣ್ಣ ಕೊನೆಯ ಲೋಟ ಬೆರೆಸಿದ. ಅವಸರದಲ್ಲಿ ನಿಂಬೆ ಹಿಂಡುವಾಗ ಅಳೆಯಲಿಲ್ಲ. ಅಮಲ್ದಾರರು ಕಳಿಸಿದ್ದ ಗಾಜಿನ ಲೋಟಕ್ಕೆ ಸೋಸಿ, ತಟ್ಟೆಯ ಮೇಲಿಟ್ಟು, ಹನಿ ಚೆಲ್ಲದಂತೆ ಓಣಿ ದಾಟಿದ. ಹಿಂದೆ ದುರುಗಕ್ಕ. ಅವಳ ಹಿಂದೆ ಸೆರಗಿನಡಿ ಒಂದು ಚೊಂಬು ಮರೆಮಾಡಿಕೊಂಡು ಹುಚ್ಚಕ್ಕ.

"ಅದೇನವ್ವ ಚೊಂಬಿನಾಗೆ?" ಎಂದಳು ದುರುಗಕ್ಕ.

"ಹುಣಸೆ ನೀರು. ಕುಡಿಸಿದ್ರೆ ವಾಂತಿ ಆಗ್ತೈತೆ. ಓಣಿಯೋರು ಗಟ್ಟಿ ಪಿಂಡಗಳು. ಇವರು ಬೆಳ್ಳಗಿರೋರು, ತಡೀತಾರೋ ಇಲ್ವೋ."

ಬಂಗಲೆಯ ಜಗಲಿಯಲ್ಲಿ ದೊರೆ ಬೆತ್ತದ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಸಿದ್ದಾಪುರದ ಬಂಡೆ ಅವರ ಮುಖವನ್ನು ದಿನವಿಡೀ ಸುಟ್ಟು ಹಣ್ಣು ಮಾಡಿತ್ತು. ಪಕ್ಕದಲ್ಲಿ ನಿಂತ ಅಮಲ್ದಾರರು ಲೋಟ ಹತ್ತಿರ ಬಂದಾಗ ಉತ್ತರೀಯವನ್ನು ಮೂಗಿಗೆ ತಂದು, ಅದು ಮರ್ಯಾದೆಯಲ್ಲವೆಂದು ನೆನಪಾಗಿ, ಕೆಮ್ಮಿದ ಹಾಗೆ ಮಾಡಿದರು. ದೊರೆ ಒಂದು ಗುಟುಕು ಕುಡಿದರು. ಹುಬ್ಬು ಕೂಡಿತು. ಹುಬ್ಬು ಬಿಡಿಸಿಕೊಂಡಿತು. ದಾಸಣ್ಣನಿಗೆ ಉಸಿರು ಬಂತು.

ಆದರೆ ಎರಡನೆಯ ಗುಟುಕಿಗೆ ಲೋಟ ಎತ್ತಿದ ದೊರೆ ಅರ್ಧದಲ್ಲೇ ನಿಂತರು. ಮೆಟ್ಟಿಲ ಬಳಿ ಒಬ್ಬ ಮುದುಕಿ ಅವರ ಗಂಟಲನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಈಕೆ ಏನು ನೋಡುತ್ತಿದ್ದಾಳೆ ಎಂದು ದೊರೆ ಕೇಳಿದರು. ಅಮಲ್ದಾರರು ಹುಚ್ಚಕ್ಕನನ್ನು ಕೇಳಿದರು.

ಹುಚ್ಚಕ್ಕ ಸುಳ್ಳು ಹೇಳುವವಳಲ್ಲ. "ಸಾಯ್ತಾರೋ ಏನೋ ಅಂತ ನೋಡ್ತಿದೀನಿ ಬುದ್ಧಿ. ಜೇನು ಕಾಯ್ಸವ್ರೆ."

ಅಮಲ್ದಾರರು ಇದನ್ನು ಇಂಗ್ಲಿಷಿಗೆ ತರುವಾಗ ಎಷ್ಟೋ ಮಿದುಗೊಳಿಸಲು ನೋಡಿದರು; ಸಾವು ಮಿದುವಾಗಲಿಲ್ಲ. ದೊರೆ ಲೋಟವನ್ನು ಬಹಳ ಜಾಗರೂಕತೆಯಿಂದ ಮೇಜಿನ ಮೇಲಿಟ್ಟರು. ಅಮಲ್ದಾರರು ದಾಸಣ್ಣನ ಕಡೆ ತಿರುಗಿದರು. ಆ ನೋಟದಲ್ಲಿ ಎರಡಂಕಣದ ಮನೆಯ ಹೆಂಚುಗಳು ಒಂದೊಂದಾಗಿ ಹಾರಿಹೋಗುವುದು ದಾಸಣ್ಣನಿಗೆ ಕಾಣಿಸಿತು.

ಅವನು ತನ್ನ ಅಡಿಗೆಮನೆ ಇಂಗ್ಲಿಷಿಗೆ ಕೈಹಾಕಿದ. ಅದರಲ್ಲಿ ಕ್ರಿಯಾಪದಗಳಿರಲಿಲ್ಲ. ವಿಷ ಇಲ್ಲ ದೊರೆ, ಎಂದ. ಓಣಿ ಪೂರ್ತಿ ಕುಡಿತ. ಓಣಿ ಪೂರ್ತಿ ಜೀವಂತ. ಸಾಕ್ಷಿಯೆಂಬಂತೆ ಓಣಿಯ ಕಡೆಯಿಂದ ಚಿತ್ತಪ್ಪ ಅಜ್ಜನ ಹಾಡು ತೇಲಿಬಂತು.

ದೊರೆ ಲೋಟವನ್ನು ಹುಚ್ಚಕ್ಕನ ಕಡೆ ತಳ್ಳಿ ಒಂದು ಮಾತು ಹೇಳಿದರು. ಅಮಲ್ದಾರರು ಕನ್ನಡಿಸಿದರು: "ಹಾಗಿದ್ರೆ ಈಕೆ ಕುಡೀಲಿ ಅಂತಾರೆ."

ಹುಚ್ಚಕ್ಕ ಲೋಟವನ್ನು ನೋಡಿದಳು. ಓಣಿಗೆಲ್ಲ ಕುಡಿಸಿದವಳು, ತಾನು ತುಟಿಗೆ ತಾಗಿಸಿರಲಿಲ್ಲ. ಸತ್ತರೆ ನೋಡಿಕೊಳ್ಳುವವರೊಬ್ಬರು ಬೇಡವೇ ಎಂಬುದು ಅವಳ ವಾದವಾಗಿತ್ತು. ಅವಳು ಅಳಿಯನನ್ನು ನೋಡಿದಳು. ಅವನ ಹಣೆಯಲ್ಲಿ ನೀರಿಳಿಯುತ್ತಿತ್ತು. ಮಗಳನ್ನು ನೋಡಿದಳು. ದುರುಗಕ್ಕ ಬೇಡವೆಂದು ತಲೆಯಾಡಿಸಿದಳು, ಅದೂ ಬಹಳ ಸಣ್ಣದಾಗಿ, ತನಗೂ ಕಾಣಬಾರದೆಂಬಂತೆ.

ಹುಚ್ಚಕ್ಕ ಚೊಂಬನ್ನು ಅವಳ ಕೈಗೆ ಕೊಟ್ಟಳು. "ಕಂಬಳಿ ಬೊಮ್ಮಣ್ಣಗೆ," ಎಂದಳು. "ಬೀಸೋ ಕಲ್ಲು ನಿಂಗೆ. ಡಬ್ಬಿ ಯಾರಿಗೂ ಕೊಡಬ್ಯಾಡ, ಅದ್ರಾಗೆ ಇನ್ನು ಮೆಣಸಿನಕಾಯಿ ಹಾಕಂಗಿಲ್ಲ."

ಹೇಳಿ, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಸುರಿದುಕೊಂಡಳು.

ಅಮಲ್ದಾರರು ಉತ್ತರೀಯದ ಮರೆಯಿಂದ ನೋಡಿದರು. ಹುಲಿಯಪ್ಪ ಬಾಗಿಲಿಂದ ನೋಡಿದ. ದುರುಗಕ್ಕ ಚೊಂಬನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಸಿದ್ಧವಾಗಿ ನಿಂತಿದ್ದಳು. ಹುಚ್ಚಕ್ಕ ಕಣ್ಣು ತೆರೆದಳು. ನಾಲಿಗೆಯನ್ನು ಬಾಯೊಳಗೆ ಒಂದು ಸುತ್ತು ತಿರುಗಿಸಿದಳು. ಮತ್ತೊಂದು ಸುತ್ತು ತಿರುಗಿಸಿದಳು.

"ಹುಳಿ ಒಂದು ಚೂರು ಮುಂದಾಗೈತೆ," ಎಂದಳು.

ದೊರೆ ಏನೆಂದು ಕೇಳಿದರು. ಅಮಲ್ದಾರರು ಹೇಳಿದರು. ದೊರೆ ಮೊದಲು ಕುರ್ಚಿಯ ಕೈಗೆ ಗುದ್ದಿದರು, ಆಮೇಲೆ ಕೆಂಪು ಮುಖ ಇನ್ನಷ್ಟು ಕೆಂಪಗಾಗಿ, ಕುರ್ಚಿ ಕಿರುಗುಟ್ಟುವ ಹಾಗೆ ನಕ್ಕರು. ನನಗೂ ಹಾಗೆಯೇ ಅನಿಸಿತ್ತು ಎಂದರು. ಇನ್ನೊಂದು ಲೋಟ, ಹುಳಿ ಕಡಿಮೆ, ಎಂದರು.

ದಾಸಣ್ಣ ಕೈಕಟ್ಟಿ ನಿಂತ. ಬಾಟಲಿ ಎಲ್ಲಿ ಎಂದು ಅಮಲ್ದಾರರು ಕಣ್ಣಿನಲ್ಲೇ ಕೇಳಿದರು.

"ಓಣಿ ಪೂರ್ತಿ ಬುದ್ಧಿ," ಎಂದ ದಾಸಣ್ಣ, ಹಾಡು ಬರುತ್ತಿದ್ದ ಕಡೆ ಕೈ ತೋರಿಸಿ.

ಇದಕ್ಕೆ ತರ್ಜುಮೆ ಬೇಕಾಗಲಿಲ್ಲ. ದೊರೆ ಎದ್ದು ಒಳಗೆ ಹೋಗಿ, ತಮ್ಮ ಪೆಟ್ಟಿಗೆಯ ಬೀಗ ತಾವೇ ತೆಗೆದು, ತಮ್ಮ ಬಾಟಲಿ ತಾವೇ ತಂದರು. ತಾಲ್ಲೂಕಿನ ಮಾನ ಹೋಗುವುದನ್ನು ಅಮಲ್ದಾರರು ಕಣ್ಣಾರೆ ಕಂಡರು. ಆದರೆ ಅದು ಅಷ್ಟು ಗೆಲುವಿನಿಂದ ಹೋಗುತ್ತಿತ್ತಾದ್ದರಿಂದ ತಡೆಯಲಿಲ್ಲ. ಓಣಿಯಿಂದ ಡಬ್ಬಿ ಬಂತು, ಜೇನುನೀರು ಬಂತು, ನಿಂಬೆ ಬಂತು, ಕರೆಯದೆಯೇ ಬೊಮ್ಮಣ್ಣನೂ ಬಂದ. ದಾಸಣ್ಣ ದೊರೆಯ ಎದುರಿಗೇ, ಪರದೆಯಿಲ್ಲದೆ, ಜಗಲಿಯ ನಡುವೆ ನಿಂತು ಅಳೆದ. ಕುಲುಕಿದ. ಬೀದಿಯ ದನಗಳು ಕಿವಿ ನಿಮಿರಿಸುವ ಹಾಗೆ ಕುಲುಕಿದ. ರೇಷ್ಮೆಯಿಂದ ಹೊಂಬಣ್ಣದ ಎಳೆ ಲೋಟಕ್ಕಿಳಿಯಿತು.

"ಬೆಳಿಗ್ಗೆ ಬಂದು ಬೀಗದಕೈ ಇಸ್ಕೋ," ಎಂದರು ಅಮಲ್ದಾರರು ಅವನ ಕಿವಿಯ ಹತ್ತಿರ. "ಹಿಂದಿನ ಮನೇದೂ ಸೇರಿ."

ದುರುಗಕ್ಕ ಆ ಮಾತು ಕೇಳಿ ಹುಣಸೆ ನೀರನ್ನು ಬಂಗಲೆಯ ಗಿಡದ ಬುಡಕ್ಕೆ ಚೆಲ್ಲಿದಳು.

ದೊರೆ ಲೋಟಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಹುಚ್ಚಕ್ಕ ಮೆಟ್ಟಿಲು ಹತ್ತಿ ಬಂದು ನಡುವೆ ನಿಂತಿದ್ದಳು.

"ತಡಿಯಪ್ಪ ದೊರೆ," ಎಂದಳು. "ಬಾಟ್ಲಿ ಬೇರೆ, ಕೈ ಅವಸರದ್ದು. ಇದನ್ನೂ ನೋಡಬೇಕಲ್ಲ."

ದೊರೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾದರು.